ಭಾನುವಾರದ ಬಾಣಸಿಗ

ಹಗರಿ ದಂಡೆಯ ರಾರಾವಿಯಲ್ಲಾಗಲಿ ಅತ್ತ ಸಿರುಗುಪ್ಪದಲ್ಲಾಗಲಿ, ಓಣಿಗೊಬ್ಬ ಭಾನುವಾರದ ಬಾಣಸಿಗ ಇದ್ದೇ ಇರುತ್ತಾನೆ. ಉಳಿದ ಆರು ದಿನ ಆತ ಅಕ್ಕಿ ಗಿರಣಿಯ ಗುಮಾಸ್ತ, ಗೊಬ್ಬರದಂಗಡಿಯವ ಇಲ್ಲವೇ ಮೇಷ್ಟ್ರು. ಕುಡಿಯುವ ನೀರೂ ಕೂತಲ್ಲಿಗೇ ಬರಬೇಕು. ಭಾನುವಾರ ಮಾತ್ರ ಲುಂಗಿ ಎತ್ತಿ ಕಟ್ಟಿ, "ಇವತ್ತು ಅಡುಗಿ ನಂದು, ಯಾರೂ ಒಳಗ ಬರಬ್ಯಾಡ್ರಿ" ಎಂದು ಸಾರುತ್ತಾನೆ. ಹತ್ತು ನಿಮಿಷದಲ್ಲಿ ಮನೆಮಂದಿಯೆಲ್ಲ ಒಳಗಿರುತ್ತಾರೆ.

ಈಚೆಗೆ ಆತನಿಗೆ ಬಿರಿಯಾನಿ ಬೇಸರ ಬಂದಿದೆ. ದನದ ಖೀಮಾ, ಗಜ್ಜರಿ, ಬಟಾಣಿ ಬೇಯಿಸಿ, ಮೇಲೆ ಹಿಸುಕಿದ ಆಲೂಗಡ್ಡೆ ಹರಡಿ ಅಮೆರಿಕದಾಕೆಯೊಬ್ಬಳು ಓವನ್ನಿಗೆ ದೂಡಿದ್ದನ್ನು ಮೊಬೈಲಿನಲ್ಲಿ ನೋಡಿದ್ದಾನೆ. ನಮ್ಮ ರಾಜ್ಯದ 2020ರ ಕಾಯ್ದೆ ಕಸಾಯಿಖಾನೆಗೆ ಬಿಡುವುದು 13 ವರ್ಷ ದಾಟಿದ ಎಮ್ಮೆ-ಕೋಣಗಳನ್ನಷ್ಟೇ. ಮನೆಯಲ್ಲಿ ಅವ್ವನ ಕಾಯ್ದೆ ಇನ್ನೂ ಬಿಗಿ. ಕುರಿ ಖೀಮಾ ಎಂದು ತೀರ್ಮಾನವಾಗುತ್ತದೆ.

ಮಾಂಸದಂಗಡಿಯಲ್ಲಿ ಆತನ ಗತ್ತು ನೋಡಬೇಕು. "ಮಿಷಿನ್‌ದು ಬ್ಯಾಡ, ಕೈಲೇ ಕೊಚ್ಚು" ಎಂದು ಹುಣಸೆ ಕೊರಡಿನ ಮುಂದೆ ನಿಂತೇ ಇರುತ್ತಾನೆ. ಇದೊಂದು ಮಾತು ಮಾತ್ರ ಅಪ್ಪಟ ಸರಿ: ಯಂತ್ರಕ್ಕೆ ಕೊಟ್ಟ ಮಾಂಸ ಮುದ್ದೆಯಾಗುತ್ತದೆ, ಕೊಚ್ಚಿದ್ದು ಕಾಳುಕಾಳಾಗಿ ಉಳಿಯುತ್ತದೆ.

ಸರಿ ಇರುವುದು ಅಲ್ಲಿಗೇ ಮುಗಿಯಿತು. ಉಳ್ಳಾಗಡ್ಡಿ ಹೆಚ್ಚುವವಳು ಮಗಳು, ಬೆಳ್ಳುಳ್ಳಿ ಸುಲಿಯುವವ ಮಗ, "ಅರಿಷಿಣ ಎಲ್ಲೈತಿ?" ಎಂದು ಕೂಗುವವ ಯಜಮಾನ. "ಮದುವಿ ಆದಾಗಿಂದ ಅಲ್ಲೇ ಐತ್ರಿ" ಎನ್ನುತ್ತಾಳೆ ಹೆಂಡತಿ. ಖೀಮಾ ಬಾಣಲೆಗೆ ಬಿದ್ದದ್ದೇ ನೀರು ಬಿಡುತ್ತದೆ. ಆ ನೀರು ಇಂಗುವವರೆಗೆ ಶಾಖ 100 ಡಿಗ್ರಿ ದಾಟದು. ಮಾಂಸ ಕೆಂಪಗೆ ಹುರಿದು ಘಮ್ಮೆನ್ನಲು ಸುಮಾರು 140 ಬೇಕು. ಕಾಯುವ ತಾಳ್ಮೆ ಯಾರಿಗಿದೆ? ಟೊಮೆಟೊ, ಗಜ್ಜರಿ, ಬೀನ್ಸ್ ಎಲ್ಲವನ್ನೂ ಒಟ್ಟಿಗೇ ಸುರಿಯುತ್ತಾನೆ. ಹುಳಿ ಮೊದಲು ಬಿದ್ದರೆ ತರಕಾರಿ ಬೇಗ ಮೆತ್ತಗಾಗುವುದಿಲ್ಲ. ಅರ್ಧ ಗಂಟೆಯಾದರೂ ಗಜ್ಜರಿ ಕಟಕಟ ಎನ್ನುತ್ತಿರುತ್ತದೆ.

ಅಷ್ಟರಲ್ಲಿ ಫೋನ್ ಬರುತ್ತದೆ, ಪುಣ್ಯಕ್ಕೆ. ಆತ ಕಟ್ಟೆಗೆ ಹೋದದ್ದೇ ತಡ, ಹೆಂಡತಿ ಎಲ್ಲವನ್ನೂ ಕುಕ್ಕರಿಗೆ ಸುರಿದು ಎರಡು ಸೀಟಿ ಹೊಡೆಸಿ, ದೊಡ್ಡ ಉರಿಯಲ್ಲಿ ನೀರು ಇಂಗಿಸಿ, ಬಾಣಲೆಗೆ ಮರಳಿಸಿರುತ್ತಾಳೆ. ಬಂದವನು ರುಚಿ ನೋಡಿ, "ನೋಡಿದ್ಯಾ, ಸಣ್ಣ ಉರಿ ಅಂದ್ರ ಹಿಂಗ" ಎಂದು ಪಾಠ ಹೇಳುತ್ತಾನೆ.

ಓವನ್ ಇಲ್ಲ. ಬಳ್ಳಾರಿ ಸೀಮೆಯ ಏಪ್ರಿಲಿನಲ್ಲಿ ಅಂಗಳವೇ ಸಾಕಿತ್ತು, ಆ ಮಾತು ಬೇರೆ. ಹಳೇ ಕುಕ್ಕರಿನ ತಳಕ್ಕೆ ಉಪ್ಪು ಹರಡಿ, ಗ್ಯಾಸ್ಕೆಟ್ಟು, ಸೀಟಿ ಎರಡನ್ನೂ ತೆಗೆದು, ಆಲೂಗಡ್ಡೆ ಹೊದಿಸಿದ ಡಬ್ಬಿಯನ್ನು ಒಳಗಿಡುತ್ತಾನೆ. ಶಾಖ ಬರುವುದು ಕೆಳಗಿನಿಂದ; ತಳ ಸೀದರೂ ಮೇಲ್ಭಾಗ ಬೆಳ್ಳಗೇ ಉಳಿಯುತ್ತದೆ.

"ಗ್ವಾಡಿಗೆ ಸುಣ್ಣ ಬಳದಂಗೈತಲ್ಲೋ" ಎನ್ನುತ್ತಾಳೆ ಅವ್ವ.

ಬೆಳ್ಳುಳ್ಳಿ, ಕರಿಬೇವು, ಒಣಮೆಣಸಿನಕಾಯಿಯ ಒಗ್ಗರಣೆ ಮೇಲೆ ಬಿದ್ದಾಗಲೇ ಅದಕ್ಕೆ ಬಣ್ಣ. ಒಗ್ಗರಣೆ ಯಾರದ್ದೆಂದು ಯಾರೂ ಕೇಳುವುದಿಲ್ಲ. ಜೋಳದ ರೊಟ್ಟಿ ಮುರಿದು ಉಣ್ಣುತ್ತ ಪಕ್ಕದ ಮನೆಯವರು, "ಅಣ್ಣಾರ ಕೈರುಚಿನೇ ಬ್ಯಾರೆ ಬಿಡ್ರಿ" ಎನ್ನುತ್ತಾರೆ. ಅಣ್ಣಾರು ಮೀಸೆ ಸವರುತ್ತಾರೆ. ಬಚ್ಚಲಲ್ಲಿ ಬಾಣಲೆ, ಎರಡು ಕುಕ್ಕರ್, ಸೀದ ಡಬ್ಬಿ ನೆನೆಯುತ್ತಿರುತ್ತವೆ.

"ಮುಂದಿನ ಐತವಾರ ಕೈಮುಂಡಿ ಮಾಡೋಣು" ಎಂದು ಆತ ತೇಗುತ್ತಾನೆ.

"ಮಾಡ್ರಿ" ಎನ್ನುತ್ತಾಳೆ ಹೆಂಡತಿ, "ಮಕ್ಕಳನ್ನ ಕರ್ಕೊಂಡು ನಾ ಆದೋನಿಗೆ ಹೊಂಟೀನಿ, ತವರುಮನಿಗೆ."