ಹಕಾರಲೋಪ ಮೀಮಾಂಸೆ

ಸೇಲಂ, ಧರ್ಮಪುರಿ ಸೀಮೆಯ ಕನ್ನಡದಲ್ಲಿ ‘ಹ’ ಎಂಬ ಅಕ್ಷರ ಕಾಣೆಯಾಗಿದೆ. ಅದು ಎಲ್ಲಿಗೆ ಹೋಯಿತು, ಕ್ಷಮಿಸಿ, ಎಲ್ಲಿಗೆ ಓಯ್ತು ಎಂಬುದೇ ಈ ಮಹಾಪ್ರಬಂಧದ ವಿಷಯ.

ಪೂರ್ವಪಕ್ಷ ಹೀಗಿದೆ. ಹಳಗನ್ನಡದ ಪಾಲು, ಪುಲಿಗಳ ಪಕಾರ ಹತ್ತನೆಯ ಶತಮಾನದಿಂದೀಚೆಗೆ ಮೆಲ್ಲಮೆಲ್ಲಗೆ ಹಕಾರವಾಯಿತು. ತಮಿಳರು ಪಕಾರ ಬಿಟ್ಟುಕೊಡಲಿಲ್ಲ. ನಡುವೆ ಸಿಕ್ಕಿಕೊಂಡ ಗಡಿ ಕನ್ನಡಿಗ ಎರಡರ ಉಸಾಬರಿಯೂ ಬೇಡವೆಂದು ‘ಆಲು’ ಕುಡಿದು ‘ಉಲಿ’ಗೆ ಎದರಿದ.

ಇದಕ್ಕೆ ಸರ್ಕಾರಿ ಕಾರಣವೂ ಉಂಟು. ಹೊಸೂರು ಮೊದಲು ಸೇಲಂ ಜಿಲ್ಲೆಯಲ್ಲಿತ್ತು. 1965ರಲ್ಲಿ ಧರ್ಮಪುರಿಗೆ ಸೇರಿತು, 2004ರಲ್ಲಿ ಕೃಷ್ಣಗಿರಿಗೆ. ಕೂತಲ್ಲೇ ಮೂರು ಜಿಲ್ಲೆ ಸುತ್ತಿದ ಊರು ಗಂಟುಮೂಟೆ ಸಾಗಿಸುವಾಗ ಒಂದಕ್ಷರ ಬೀಳಿಸಿಕೊಂಡರೆ ಏನು ಮಹಾ? ತಮಿಳು ಫಲಕದಲ್ಲಿ ಅದೀಗ ‘ಓಸೂರ್’.

ಇನ್ನು ಪ್ರತ್ಯಕ್ಷ ಪ್ರಮಾಣ. ಅಲ್ಲಿಯ ಬಸ್ ನಿಲ್ದಾಣದ ಹತ್ತಿರ ಮಾವಿನ ಬುಟ್ಟಿ ಇಟ್ಟುಕೊಂಡ ಅಜ್ಜಿಯೊಬ್ಬಳು ಕರೆದಳು: “ಅಣ್ಣಾ, ಅಣ್ಣು ತಿಂದು ನೋಡಣ್ಣ.” ಮೂರರಲ್ಲಿ ತಿನ್ನುವಂಥದ್ದು ಯಾವುದೆಂದು ನಾನು ಟಿಪ್ಪಣಿ ಪುಸ್ತಕ ತೆಗೆದೆ. ರೇಟು ಕೇಳಿದೆ. “ನಿಂಗಂತ ಅತ್ತು ರೂಪಾಯಿ ಕಮ್ಮಿ ಮಾಡಿವ್ನಿ” ಎಂದಳು. ಅತ್ತದ್ದು ಅವಳೋ, ಅಳಬೇಕಾದವನು ನಾನೋ, ವ್ಯಾಕರಣದಿಂದ ಇತ್ಯರ್ಥವಾಗಲಿಲ್ಲ. ತಿದ್ದಿಬಿಡೋಣವೆಂದು ಎದೆ ತುಂಬ ಗಾಳಿ ತುಂಬಿಕೊಂಡು “ಹಣ್ಣು, ಅಜ್ಜಿ, ಹ್‌ಹಣ್ಣು” ಎಂದೆ. ಅಜ್ಜಿ ಗಾಬರಿಯಾಗಿ ನೀರಿನ ಬಾಟಲಿ ಮುಂದೆ ಹಿಡಿದಳು: “ಮೇಲುಸ್ರು ಬತ್ತೈತಾ ಮಗಾ? ವಸಿ ಕೂತ್ಕೋ.”

ಈಗ ಅನುಮಾನ ಪ್ರಮಾಣ. ಹೊಗೆ ಇದ್ದಲ್ಲಿ ಬೆಂಕಿ ಇದೆ ಎನ್ನುತ್ತಾರೆ ತಾರ್ಕಿಕರು. ಆದರೆ ಧರ್ಮಪುರಿ ಜಿಲ್ಲೆಯ ಹೊಗೆನಕಲ್ಲಿನಲ್ಲಿ ಹೊಗೆ ಮಾತ್ರ ಇದೆ. ಬೆಂಕಿಯ ಜಾಗದಲ್ಲಿ ಕಾವೇರಿ ಬಂಡೆಗೆ ಅಪ್ಪಳಿಸುತ್ತಾಳೆ. ಹಕಾರವೆಂದರೆ ಬರೀ ಉಸಿರು. ಆದ್ದರಿಂದ ಅಲ್ಲಿ ಏಳುವುದು ಸೀಮೆಯವರೆಲ್ಲ ಉದುರಿಸಿದ ಹಕಾರಗಳೇ ಎಂದು ಸಿದ್ಧ. ತಮಿಳಿನಲ್ಲಿ ಆ ಜಾಗಕ್ಕೂ ‘ಒಗೇನಕ್ಕಲ್’ ಎಂದೇ ಹೆಸರು, ಅಂದರೆ ಮೂಲದಲ್ಲೇ ಸೋರಿಕೆ. ಅವೆಲ್ಲ ಹರಿದು ಸೇಲಂ ಜಿಲ್ಲೆಯ ಮೆಟ್ಟೂರು ಅಣೆಕಟ್ಟೆಯಲ್ಲಿ ನಿಂತಿವೆ. 1934ರಲ್ಲಿ ಮುಗಿದ ಕಟ್ಟೆ, 120 ಅಡಿ ತುಂಬುತ್ತದೆ. ನೀರಿಗಾಗಿ 1990ರಲ್ಲಿ ನ್ಯಾಯಮಂಡಳಿ ಬಂತು. ಹಕಾರದ ಪಾಲು ಮಾತ್ರ ಎರಡು ರಾಜ್ಯಗಳಲ್ಲಿ ಯಾರೂ ಕೇಳಲಿಲ್ಲ.

ಮಂಡ್ಯದವರೂ ‘ಓಯ್ತೀನಿ’ ಎನ್ನುತ್ತಾರಲ್ಲ ಎಂಬ ಆಕ್ಷೇಪ ಬಂದಿದೆ. ಮಂಡ್ಯವೂ ಕಾವೇರಿಯ ನೀರೇ ಕುಡಿಯುವುದರಿಂದ ಅದು ನನ್ನ ವಾದಕ್ಕೇ ಬಲ. ಸೇಲಂನಲ್ಲಿ ಮನೆಯೊಳಗೆ ಕನ್ನಡವಾಡುವ ದೇವಾಂಗ ನೇಕಾರರ ಅಧ್ಯಾಯವನ್ನು ಅನುದಾನ ಬಂದ ಮೇಲೆ ಬರೆಯಲಾಗುವುದು.

ಅಲ್ಲಿಯವರೆಗೆ ಆ ಕಡೆ ಹೋಗುವವರು ಬಸ್ಸಿನ ತಮಿಳು ಬೋರ್ಡಿನಲ್ಲಿ ‘ಓ’ ಹುಡುಕಿ. ಅಜ್ಜಿಯ ಮಾವು ಮಾತ್ರ ಭಾರಿ ಸಿಹಿ. ಚಿಲ್ಲರೆ ತೆಗೆದುಕೊಂಡು ಹೋಗಿ.