ಹೆಮಿಸ್ ಮಠದ ಹಸ್ತಪ್ರತಿ

ಏಸು ಭಾರತದಲ್ಲಿ ಕಲಿತನೆಂಬ ವಾದಕ್ಕೆ ರೆಕ್ಕೆ ಮೂಡಿಸಿದ್ದು ರಷ್ಯದ ನಿಕೊಲಾಸ್ ನೊಟೊವಿಚ್ 1894ರಲ್ಲಿ ಫ್ರೆಂಚಿನಲ್ಲಿ ಪ್ರಕಟಿಸಿದ ಪುಸ್ತಕ. ಅದರ ಮೇಲಿನ ಚರ್ಚೆಗೆ ಬೇಕಾದ ಪಾತ್ರಗಳು ಎರಡೇ: ವಾದಿ, ಸಂದೇಹಿ. ವಾದಿಗೆ ದನಿ ಜಾಸ್ತಿ.

ವಾದಿ: ಕಾಲು ಮುರಿದು ಲಡಾಖಿನ ಹೆಮಿಸ್ ಮಠದಲ್ಲಿ ಮಲಗಿದ್ದ ನೊಟೊವಿಚ್‌ಗೆ ಲಾಮಾ ‘ಈಸಾ’, ಅಂದರೆ ಏಸುವಿನ, ಚರಿತ್ರೆ ಓದಿ ಹೇಳಿದರು ಸ್ವಾಮಿ! ಈಸಾ ಪುರಿಯಲ್ಲಿ ವೇದ ಕಲಿತ, ಆಮೇಲೆ ಬೌದ್ಧ ಸೂತ್ರ.

ಸಂದೇಹಿ: ಹಸ್ತಪ್ರತಿ ಎಲ್ಲಿದೆ?

ವಾದಿ: ಮಠದಲ್ಲಿ.

ಸಂದೇಹಿ: 1895ರಲ್ಲಿ ಆಗ್ರಾದ ಪ್ರಾಧ್ಯಾಪಕ ಆರ್ಚಿಬಾಲ್ಡ್ ಡಗ್ಲಸ್ ಅಲ್ಲಿಗೇ ಹೋಗಿ ಕೇಳಿದರಲ್ಲ? ಅಂಥ ಗ್ರಂಥವೇ ಇಲ್ಲ ಎಂದರು ಮಠದ ಹಿರಿಯ ಲಾಮಾ.

ವಾದಿ: ಇಲ್ಲ ಅಂದರೆ ಬಚ್ಚಿಟ್ಟಿದ್ದಾರೆ ಅಂತಲೇ ಅರ್ಥ!

(ಇದು ನೊಟೊವಿಚ್‌ನದೇ ಸಮಜಾಯಿಷಿ, ವಾದಿಯ ಸ್ವಂತ ಬುದ್ಧಿಯಲ್ಲ.)

ಸಂದೇಹಿ: ಟಿಬೆಟನ್ ಗ್ರಂಥಗಳ ಪಟ್ಟಿಯಲ್ಲೂ ಅದಿಲ್ಲವೆಂದು ವಿದ್ವಾಂಸ ಮ್ಯಾಕ್ಸ್ ಮುಲ್ಲರ್ ಬರೆದರು.

ವಾದಿ: ಅವರು ಲಡಾಖಿಗೆ ಹೋಗಿದ್ದರೇ?

ಸಂದೇಹಿ: ಹೋದ ಡಗ್ಲಸ್ ಮಾತನ್ನು ನೀವು ಒಪ್ಪಿದಿರಾ? ಇರಲಿ, ನಿಮ್ಮ ನೊಟೊವಿಚ್ ಪ್ರಕಾರ ಏಸು ಬಂದದ್ದು ಶಿಲುಬೆಗೆ ಮುಂಚೆ; ಕಾಶ್ಮೀರಕ್ಕೆ ಬಂದದ್ದು ಶಿಲುಬೆಯ ನಂತರ, ಸಮಾಧಿ ಶ್ರೀನಗರದಲ್ಲಿದೆ ಎಂದವರು ಅಹ್ಮದಿಯಾ ಪಂಥದ ಸ್ಥಾಪಕ ಮಿರ್ಜಾ ಗುಲಾಂ ಅಹ್ಮದ್. ಯಾವುದು ನಿಜ?

ವಾದಿ: ಎರಡೂ! ಎರಡು ಸಲ ಬಂದಿದ್ದ.