ಶ್ರೀಮಾನ್ ಬ್ಯಾಟಲ್ ಪ್ಲಾನರ್ ಅವರೊಡನೆ ಒಂದು ಘಳಿಗೆ

ನಾರ್ಮಂಡಿಯ ತೀರದಲ್ಲಿ ಮಿತ್ರಸೇನೆಯು ಇಳಿದ ದಿನದ ವಾರ್ಷಿಕವನ್ನೇ ಆರಿಸಿಕೊಂಡು, 2016ರ ಜೂನ್ 6ರಂದು, ಸ್ಟಾಕ್‌ಹೋಮಿನ ಪ್ಯಾರಡಾಕ್ಸ್ ಸಂಸ್ಥೆಯವರು ಲೋಕಕ್ಕೆ ಬಿಟ್ಟ 'ಹಾರ್ಟ್ಸ್ ಆಫ್ ಐರನ್' ಎಂಬ ಕಂಪ್ಯೂಟರ್ ಆಟದ ನಾಲ್ಕನೆಯ ಅವತಾರದಲ್ಲಿ, ಎರಡನೆಯ ಮಹಾಯುದ್ಧವನ್ನು ಕುರ್ಚಿಯಲ್ಲಿ ಕುಳಿತೇ ನಡೆಸುವ ದಂಡನಾಯಕನಿಗೆ ಡಿವಿಷನ್‌ಗಳನ್ನು ಒಂದೊಂದಾಗಿ ನೂಕುವ ಬೇಸರ ತಪ್ಪಲೆಂದು ನೇಮಕಗೊಂಡ ಗುಮಾಸ್ತರೇ ಈ ಮಹಾಶಯರು. ಒಡೆಯನು ಭೂಪಟದ ಮೇಲೆ ಬಾಣವೊಂದನ್ನು ಎಳೆದರೆ ಅದರ ಗುಂಟ ಸೈನ್ಯವನ್ನು ನಡೆಸುವುದು ಇವರ ಉದ್ಯೋಗ. ಬಯ್ಗುಳ ತಿನ್ನುವುದು ಉಪೋದ್ಯೋಗ. ವಾರ್ಸಾದಿಂದ ಮಾಸ್ಕೋವಿಗೆ ಎಳೆದ ಬಾಣವು ಅರ್ಧದಾರಿಯಲ್ಲಿರುವಾಗ ಒಡೆಯನು ಸ್ಪೇಸ್‌ಬಾರನ್ನು ಒತ್ತಿ, ಕಾಲವನ್ನೇ ನಿಲ್ಲಿಸಿ, ಕಾಫಿಗೆಂದು ಎದ್ದುಹೋದ ಸಮಯ ನೋಡಿ ಅವರನ್ನು ಕಂಡೆವು.

ತಾವು ಮಂದಬುದ್ಧಿಯವರೆಂಬ ಅಪವಾದವಿದೆಯಲ್ಲ?

"ಅಪವಾದವೆನ್ನಲು ನನಗೇ ಸಂಕೋಚ. ಮೂರು ಪ್ರಾಂತಗಳನ್ನು ಗೆದ್ದೊಡನೆ ರಣರೇಖೆ ಸೊಟ್ಟಗಾಗುತ್ತದೆ. ಸೊಟ್ಟಗಾದೊಡನೆ ನಾನು ದಳಗಳ ಮರುಹಂಚಿಕೆಗೆ ತೊಡಗುತ್ತೇನೆ. ಕಂದಕ ತೋಡಿಕೊಂಡು ನೆಮ್ಮದಿಯಾಗಿದ್ದ ಡಿವಿಷನ್ನೊಂದನ್ನು, ಹೊರಟರೆ ಆ ಕಂದಕದ ಫಲವೆಲ್ಲ ನಷ್ಟವಾಗುವುದೆಂದು ತಿಳಿದೂ, ಪ್ರಿಪೆಟ್ ಜೌಗಿನ ಆಚೆಗೆ ಅಟ್ಟಿ, ಅದು ಕೆಸರಿನಲ್ಲಿ ಕಾಲೆಳೆಯುತ್ತ ಅಲ್ಲಿಗೆ ಮುಟ್ಟುವಷ್ಟರಲ್ಲಿ ರೇಖೆ ಮತ್ತೆ ಬದಲಾದುದರಿಂದ, ಹಿಂದಕ್ಕೆ ಕರೆಯುತ್ತೇನೆ."

ಹಿಂದಿನ ಕಾಲವೇ ಲೇಸಾಗಿತ್ತೆ?

"ಶಿವ ಶಿವಾ! 2009ರ ಮೂರನೆಯ ಅವತಾರದಲ್ಲಿ ಡಿವಿಷನ್ನಿನ ಮೇಲೆ ಕೋರ್, ಕೋರಿನ ಮೇಲೆ ಆರ್ಮಿ, ಅದರ ಮೇಲೆ ಆರ್ಮಿಗಳ ಸಮೂಹ, ಎಲ್ಲಕ್ಕೂ ಮೇಲೆ ಥಿಯೇಟರ್ ಎಂಬ ಅಟ್ಟಗಳಿದ್ದು, ಅಟ್ಟಕ್ಕೊಬ್ಬ ಸೇನಾಪತಿಯನ್ನು ಹುಡುಕಿ ಕೂರಿಸುವಷ್ಟರಲ್ಲಿ ಸಂಜೆ ಮುಗಿದು, ಶತ್ರುವು ಯಾವ ದಿಕ್ಕಿನಲ್ಲಿರುವನೆಂದು ನೋಡಲು ಪುರುಸೊತ್ತೇ ಉಳಿಯುತ್ತಿರಲಿಲ್ಲ. ಯಾವ ಅಟ್ಟವನ್ನಾದರೂ ಯಂತ್ರದ ವಶಕ್ಕೆ ಒಪ್ಪಿಸಲು ಆಗಲೂ ಅವಕಾಶವಿತ್ತು, ಒಪ್ಪಿಸಲು ಮನಸ್ಸಿರಲಿಲ್ಲ. ಈಗ ಒಬ್ಬ ಜನರಲನ ಕೈಕೆಳಗೆ 24 ಡಿವಿಷನ್‌ಗಳು, ಒಂದು ರೇಖೆ, ಒಂದು ಬಾಣ."

ಹಾಗಾದರೆ ಒಡೆಯನಿಗೆ ವಿಶ್ರಾಂತಿ ದೊರೆತಿರಬೇಕು.

"ಸೊಸೆಗೆ ಅಡುಗೆಮನೆಯನ್ನು ಒಪ್ಪಿಸಿ ಹೊಸ್ತಿಲಲ್ಲೇ ನಿಂತ ಅತ್ತೆಗೆ ದೊರೆತಷ್ಟು. ಟ್ಯಾಂಕುಗಳನ್ನು ತಾನೇ ಹಿಡಿದು ನಡೆಸಿ, ಎರಡು ಕಡೆಯಿಂದ ಬಳಸಿ ಬಂದು, ಮಿನ್‌ಸ್ಕಿನ ಬಳಿ ಶತ್ರುವನ್ನು ಸುತ್ತುಗಟ್ಟುವುದರಲ್ಲಿ ಅವನು ನನಗಿಂತ ನಿಪುಣ. ಆ ನೈಪುಣ್ಯಕ್ಕೆ ಆಟವು ಕೈತುಂಬ ಪ್ರತಿಫಲವನ್ನೂ ಕೊಡುತ್ತದೆ. ಬೇಸರಪಟ್ಟವನಿಗೇ ಗೆಲುವು ಎಂದು ಇರುವ ತನಕ ಯಾವನು ತಾನೆ ಬೇಸರವನ್ನು ಬಿಟ್ಟಾನು?"

1941ರ ಡಿಸೆಂಬರ್ 19ರಂದು ಹಿಟ್ಲರನು ಜರ್ಮನ್ ಭೂಸೇನೆಯ ಆಧಿಪತ್ಯವನ್ನು ತಾನೇ ವಹಿಸಿಕೊಂಡುದನ್ನು ನೆನಪಿಸಿದೆವು.

"ಅವನಿಗೆ ಸ್ಪೇಸ್‌ಬಾರ್ ಇರಲಿಲ್ಲ," ಎಂದಷ್ಟೇ ಹೇಳಿದರು.

ತಮಗೆ ಇನ್ನಷ್ಟು ಬುದ್ಧಿ ತುಂಬಿದರೆ ಪರಿಹಾರವಾದೀತೆ?

"ನನಗೆ ಬುದ್ಧಿ ಬಂದಷ್ಟೂ ಅವನ ಕಾವಲು ಹೆಚ್ಚುತ್ತದೆ. ಕೆಲಸವನ್ನು ಇನ್ನೊಬ್ಬನ ತಲೆಗೆ ಕಟ್ಟುವುದು ಬೇರೆ, ಕೆಲಸವನ್ನೇ ಅಳಿಸಿಹಾಕುವುದು ಬೇರೆ. ಗೆದ್ದ ನಾಡಿನಲ್ಲಿ ದಂಗೆಯೇಳದಂತೆ ಕುದುರೆಸವಾರರ ದಳಗಳನ್ನು ಊರೂರಿಗೆ ಕಾವಲಿಡುವ ಒಂದು ಪೀಡೆಯಿತ್ತು. 2020ರಲ್ಲಿ ಅದನ್ನು ಭೂಪಟದಿಂದಲೇ ಎತ್ತಿಬಿಟ್ಟರು: ಯಾವ ಮಾದರಿಯ ಕಾವಲು ಬೇಕೆಂದು ಒಮ್ಮೆ ಸೂಚಿಸಿದರಾಯಿತು, ಆಳುಗಳೂ ಕೋವಿಗಳೂ ಭಂಡಾರದ ಲೆಕ್ಕದಲ್ಲಿ ತಾವಾಗಿಯೇ ಖರ್ಚು ಬೀಳುತ್ತವೆ. ಅಲ್ಲಿ ಮೇಲ್ವಿಚಾರಣೆ ಮಾಡಲು ಒಬ್ಬ ಸಿಪಾಯಿಯೂ ಕಣ್ಣಿಗೆ ಬೀಳುವುದಿಲ್ಲವಾಗಿ, ಒಡೆಯನಿಗೆ ನಿರ್ವಾಹವಿಲ್ಲದೆ ಸುಖವುಂಟಾಯಿತು."

ಆ ಸುಖ ಬಾಳಿತೆ?

"ಮರುವರ್ಷ ನವೆಂಬರಿನಲ್ಲಿ ರೈಲುಹಳಿ, ಸರಬರಾಜಿನ ಠಾಣ್ಯ, ರೈಲು, ಲಾರಿ ಎಂದು ಹೊಸ ಸಂಸಾರವನ್ನೇ ತಂದು ಹೂಡಿದರು. ಅದನ್ನು ತಲೆಗೆ ಹಚ್ಚಿಕೊಂಡವರಲ್ಲಿ ನಮ್ಮ ಒಡೆಯನೂ ಒಬ್ಬ."

ಅಷ್ಟರಲ್ಲಿ ಒಡೆಯನು ಲೋಟದೊಡನೆ ಹಿಂದಿರುಗಿ, ನಿಂತೇ ಇದ್ದು, ಮೂರು ಟ್ಯಾಂಕ್ ಡಿವಿಷನ್‌ಗಳನ್ನು ಸಾಲಿನಿಂದ ಕಿತ್ತು ಕೀವಿನ ಕಡೆಗೆ ತಿರುಗಿಸಿದನು.

"ಅಪ್ಪಣೆಯಾಗಲಿ," ಎಂದು ಮಹಾಶಯರು ಎದ್ದರು. "ಆ ಟ್ಯಾಂಕುಗಳು ಬಿಟ್ಟುಹೋದ ಸಂದನ್ನು ಮುಚ್ಚಬೇಕು. ಜೌಗಿನ ಆಚೆಯಿಂದ ಆ ಡಿವಿಷನ್ನನ್ನು ಕರೆಸುತ್ತೇನೆ."